ಮನೆ ಭಾಷೆ ಕನ್ನಡ ಅಂತಲೇ ಬರಿ

ಕ್ಯಾಲಿಫೋರ್ನಿಯಾದಲ್ಲಿರುವ ತಂಗಿ ಮಗಳನ್ನು ಶಾಲೆಗೆ ಸೇರಿಸುತ್ತಿದ್ದಾಳೆ. ಮನೆಯಲ್ಲಿ ಯಾವ ಭಾಷೆ ಅಂತ ಅರ್ಜಿಯಲ್ಲಿ ಕೇಳಿದ್ದಾರೆ. ಕನ್ನಡ ಅಂದರೆ ಮಗುವಿಗೆ ಇಂಗ್ಲಿಷ್ ಪರೀಕ್ಷೆ ಇಡುತ್ತಾರೆ ಅನ್ನೋ ಚಿಂತೆ ಅವಳಿಗೆ. ಕನ್ನಡ ಅಂತಲೇ ಬರಿ ಅಂದೆ. ನೆರವು ಬೇಕಾದರೆ ಅದು ಮಗುವಿನ ಹಕ್ಕು.

ಆ ಹಕ್ಕು ಸುಮ್ನೆ ಸಿಕ್ಕಿದ್ದಲ್ಲ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸುಮಾರು 1,800 ಚೀನೀ ಮೂಲದ ಮಕ್ಕಳು ಇಂಗ್ಲಿಷ್ ಬಾರದೆ, ಯಾವ ವಿಶೇಷ ಪಾಠವೂ ಇಲ್ಲದೆ ತರಗತಿಯಲ್ಲಿ ಕೂತಿರುತ್ತಿದ್ದರು. ಮನೆಯವರು ಕೋರ್ಟಿಗೆ ಹೋದರು. ಲಾವ್ ವರ್ಸಸ್ ನಿಕೋಲ್ಸ್ ಅನ್ನೋ ಆ ಪ್ರಕರಣದಲ್ಲಿ, 1974ರಲ್ಲಿ, ಅಮೆರಿಕದ ಸುಪ್ರೀಂ ಕೋರ್ಟ್ ಮಕ್ಕಳ ಪರ ನಿಂತಿತು. ಎಲ್ಲರಿಗೂ ಅದೇ ಪುಸ್ತಕ, ಅದೇ ಮೇಷ್ಟ್ರು ಕೊಟ್ಟ ಮಾತ್ರಕ್ಕೆ ಸಮಾನತೆ ಆಗುವುದಿಲ್ಲ ಅಂದಿತು. ಎಷ್ಟು ದೊಡ್ಡ ಮಾತು ಅಲ್ವಾ! ನಮ್ಮೂರ ಶಾಲೆಗಳಿಗೂ ಸಲ್ಲುವ ಮಾತು.

ಆಮೇಲೆ ಗಾಳಿ ತಿರುಗಿತು. 1998ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ಪ್ರಪೊಸಿಷನ್ 227 ಅನ್ನೋ ಕಾಯ್ದೆಯನ್ನು ನೇರವಾಗಿ ಮತ ಹಾಕಿ ಒಪ್ಪಿದರು. ಮನೆಮಾತಿನಲ್ಲಿ ಕಲಿಸುವುದು ಬಹುಮಟ್ಟಿಗೆ ನಿಂತಿತು. ಒಂದು ವರ್ಷ ಬರೀ ಇಂಗ್ಲಿಷ್‌ನಲ್ಲೇ ಕೂರಿಸಿದರೆ ಸಾಕು ಅನ್ನೋ ಲೆಕ್ಕ. ನನಗದು ಮಕ್ಕಳಿಗೆ ಮಾಡಿದ ಅನ್ಯಾಯ ಅನ್ನಿಸುತ್ತದೆ.

2016ರಲ್ಲಿ ಮತದಾರರೇ ಅದನ್ನು ಬಹುಪಾಲು ತೆಗೆದುಹಾಕಿದರು. ಎರಡು ಭಾಷೆಯಲ್ಲಿ ಕಲಿಸುವ ತರಗತಿಗಳು ಮತ್ತೆ ಶುರುವಾಗಿವೆ. ಆದರೆ ಕಲಿಸಬಲ್ಲ ಶಿಕ್ಷಕರು ಸಾಲುತ್ತಿಲ್ಲ. ನಡುವಿನ 18 ವರ್ಷ ಅಂಥವರನ್ನು ತಯಾರು ಮಾಡುವ ಕೆಲಸವೇ ಸೊರಗಿತ್ತು. ಒಂದು ಕಾಯ್ದೆಯನ್ನು ಒಂದೇ ದಿನದ ಮತದಲ್ಲಿ ಬದಲಿಸಬಹುದು, ಮೇಷ್ಟ್ರುಗಳನ್ನು ಎಲ್ಲಿಂದ ತರೋದು?