ಹಿಡಿದದ್ದು ಯಾರು?

ಋತುವಿನ ಮೊದಲ ಸಭೆಯಲ್ಲಿ ಕಾಗದವೊಂದು ಕೈಯಿಂದ ಕೈಗೆ ಸಾಗುತ್ತದೆ. ಮಕ್ಕಳನ್ನು ಯಾವುದಾದರೂ ಕ್ರಿಕೆಟ್ ತಂಡಕ್ಕೆ ಸೇರಿಸಿದ ತಂದೆತಾಯಿಗೆ ಈ ಕಾಗದದ ಪರಿಚಯ ಇದ್ದೇ ಇರುತ್ತದೆ. ಎಡಗಡೆ ಕೆಲಸಗಳ ಪಟ್ಟಿ: ಕಿಟ್ ಹೊರುವುದು, ಬೌಂಡರಿಗೆ ಬಾವುಟ ನೆಡುವುದು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ನೋಡಿಕೊಳ್ಳುವುದು, ಮಕ್ಕಳನ್ನು ಕಾರಿನಲ್ಲಿ ಕರೆದೊಯ್ಯುವುದು, ಸ್ಕೋರ್ ಬರೆಯುವುದು. ಬಲಗಡೆ ಖಾಲಿ ಜಾಗ. ಕಾಗದ ಹತ್ತಿರವಾಗುತ್ತಿದ್ದಂತೆ ಎಲ್ಲರ ಮೊಬೈಲಿಗೂ ಏನೋ ತುರ್ತು ಸಂದೇಶ ಬರುತ್ತದೆ. ನಾನು ಎರಡು ವರ್ಷ 'ನೀರಿನ ಕ್ಯಾನ್' ಎಂಬುದರ ಮುಂದೆ ಹೆಸರು ಬರೆದು ಪಾರಾದವನು. ಕ್ಯಾನ್ ಇಳಿಸಿದರೆ ಕೆಲಸ ಮುಗಿಯಿತು. ಉಳಿದ ಹೊತ್ತು ನೆರಳಿನಲ್ಲಿ ಕುಳಿತು ಮಗನ ಆಟ ನೋಡಬಹುದು.

ಕಿಟ್ ಹೊರುವವರು, ಬಾವುಟ ನೆಡುವವರು, ಸ್ಕೋರ್ ಬರೆಯುವವರು ಪ್ರತಿ ವರ್ಷ ಅವೇ ನಾಲ್ಕು ಮಂದಿ. ಈ ಅನ್ಯಾಯಕ್ಕೆ ಮದ್ದು ಹೇಳಿದವನೂ ನಾನೇ. ಪ್ರತಿ ಮನೆಯವರೂ ಮೊದಲೇ ಒಂದು ಠೇವಣಿ ಇಡಲಿ. ಮೂರು ಸರದಿ ಕೆಲಸ ಮಾಡಿದವರಿಗೆ ಅದು ವಾಪಸ್, ಮಾಡದವರದು ತಂಡದ ಖರ್ಚಿಗೆ ಎಂದೆ. ವೃತ್ತಿಯಲ್ಲಿ ಲೆಕ್ಕಪರಿಶೋಧಕನಾದ ನನಗೆ ಬೇರೇನು ಹೊಳೆದೀತು? ಸಭೆ ಒಪ್ಪಿತು. ಪರಿಣಾಮ ಮಾತ್ರ ತಲೆಕೆಳಗಾಯಿತು. ಅದುವರೆಗೆ ಕೆಲಸ ತಪ್ಪಿಸಿಕೊಂಡವರು ಎದುರು ಸಿಕ್ಕಾಗ ಒಂದಿಷ್ಟಾದರೂ ಮುಜುಗರಪಡುತ್ತಿದ್ದರು. ಠೇವಣಿ ಬಂದ ಮೇಲೆ, 'ನಮ್ಮ ಹಣ ನಿಮ್ಮ ಹತ್ತಿರವೇ ಇದೆಯಲ್ಲ, ಇಟ್ಟುಕೊಳ್ಳಿ' ಎಂದು ನಗುತ್ತಲೇ ಹೇಳತೊಡಗಿದರು. ನಾಲ್ವರಲ್ಲಿ ಒಬ್ಬರು ಕೂಡ ಅದೇ ದಾರಿ ಹಿಡಿದರು.

ಇಂಥದ್ದೇ ಪ್ರಯೋಗವನ್ನು ಯೂರಿ ಗ್ನೀಜಿ ಮತ್ತು ಆಲ್ಡೊ ರುಸ್ಟಿಚಿನಿ ಎಂಬ ಅರ್ಥಶಾಸ್ತ್ರಜ್ಞರು ಇಸ್ರೇಲಿನ ಹೈಫಾದಲ್ಲಿ ಮಾಡಿ, 2000ದಲ್ಲಿ ಪ್ರಕಟಿಸಿದ್ದರೆಂದು ಆಮೇಲೆ ಓದಿದೆ. ಸಂಜೆ ಮಕ್ಕಳನ್ನು ಕರೆದೊಯ್ಯಲು ತಡವಾಗಿ ಬರುವ ತಂದೆತಾಯಿಗೆ ಆರು ಶಿಶುಪಾಲನಾ ಕೇಂದ್ರಗಳಲ್ಲಿ ದಂಡ ಹಾಕಿದರಂತೆ. ತಡವಾಗಿ ಬರುವವರು ಕಡಿಮೆಯಾಗುವ ಬದಲು ಹೆಚ್ಚು ಕಡಿಮೆ ಎರಡು ಪಟ್ಟಾದರು. ದಂಡ ತೆಗೆದುಹಾಕಿದ ಮೇಲೂ ಹಳೆಯ ಸ್ಥಿತಿ ಮರಳಲಿಲ್ಲ. ನಮ್ಮ ಸಭೆಗೆ ಮುಂಚೆ ಇದನ್ನು ಓದಿದ್ದರೆ ಬಾಯಿ ಮುಚ್ಚಿಕೊಂಡಿರುತ್ತಿದ್ದೆ.

ಒಂದು ಶನಿವಾರ ನಮ್ಮ ಸ್ಕೋರರ್ ಅಜ್ಜನಿಗೆ ಜ್ವರ. ತಂಡದ ಹುಡುಗನೊಬ್ಬನ ತಾತ ಅವರು. ನಾವೆಲ್ಲರೂ ಅಜ್ಜ ಎಂದೇ ಕರೆಯುವುದು. ಕ್ಯಾನ್ ಇಳಿಸಿ ಕೈ ಒರೆಸಿಕೊಳ್ಳುತ್ತಿದ್ದ ನನ್ನ ಮುಂದೆ ತರಬೇತುದಾರರು ಉದ್ದನೆಯ ಪುಸ್ತಕ ಚಾಚಿದರು. "ನೀವು ಲೆಕ್ಕದವರಲ್ಲವೇ ಸರ್, ನಿಮಗೆ ಇದೇನು ಮಹಾ!" ನಿಜ ಹೇಳಬೇಕೆಂದರೆ ನನಗೂ ಹಾಗೆಯೇ ಅನಿಸಿತ್ತು.

ಎದುರಾಳಿ ತಂಡದ ಸ್ಕೋರರ್ ಮಧ್ಯವಯಸ್ಸಿನ ತಾಯಿ. ಮೇಜಿನ ಮೇಲೆ ನಾಲ್ಕು ಬಣ್ಣದ ಪೆನ್ನುಗಳನ್ನು ಸಾಲಾಗಿ ಜೋಡಿಸಿ ಕುಳಿತಿದ್ದರು. ನನ್ನ ಕೈಯಲ್ಲಿ ಒಂದೇ ಪೆನ್ನು, ಅದೂ ಕ್ಯಾಪ್ ಇಲ್ಲದ್ದು. ಅವರು ಅದನ್ನು ನೋಡಿ, ಏನೂ ಅನ್ನದೆ ತಮ್ಮದೊಂದು ಪೆನ್ನನ್ನು ಇತ್ತ ಸರಿಸಿದರು.

ಒಂದು ಚೆಂಡನ್ನು ಮೂರು ಕಡೆ ಬರೆಯಬೇಕು: ಬ್ಯಾಟರ್‌ನ ಸಾಲಿನಲ್ಲಿ, ಬೌಲರ್‌ನ ಓವರಿನ ಚೌಕದಲ್ಲಿ, ತಂಡದ ಮೊತ್ತದಲ್ಲಿ. ವೈಡ್ ಆದರೆ ಬ್ಯಾಟರ್‌ಗೆ ಏನೂ ಇಲ್ಲ, ಬೌಲರ್‌ನ ತಲೆಗೆ ಒಂದು ರನ್, ಓವರಿಗೆ ಇನ್ನೊಂದು ಚೆಂಡು. ಲೆಗ್ ಬೈ (ಬ್ಯಾಟಿಗಲ್ಲ, ಮೈಗೆ ತಾಗಿದ ಚೆಂಡಿಗೆ ಬಂದ ರನ್) ಆದರೆ ಬ್ಯಾಟರ್‌ಗೂ ಇಲ್ಲ, ಬೌಲರ್‌ನ ತಲೆಗೂ ಇಲ್ಲ, ತಂಡಕ್ಕೆ ಮಾತ್ರ. ಬೌಲರ್‌ಗಳ ಖಾತೆಯ ರನ್‌ಗಳಿಗೆ ಬೈ (ಬ್ಯಾಟಿಗೂ ಮೈಗೂ ತಾಗದ ಚೆಂಡಿಗೆ ಬಂದ ರನ್), ಲೆಗ್ ಬೈ ಕೂಡಿಸಿದರೆ ತಂಡದ ಮೊತ್ತ ಬರಬೇಕು. ಇಷ್ಟರ ಮಟ್ಟಿಗೆ ನಮ್ಮ ಖಾತೆ ಪುಸ್ತಕದಂತೆಯೇ. ಆದರೆ ಖಾತೆ ಪುಸ್ತಕ ನಾವು ಬರೆದು ಮುಗಿಸುವವರೆಗೆ ಕಾಯುತ್ತದೆ. ಹನ್ನೆರಡು ವರ್ಷದ ಬೌಲರ್ ಕಾಯುವುದಿಲ್ಲ.

ನಾಲ್ಕನೆಯ ಓವರಿನಲ್ಲಿ ಆಟ ನಿಂತೇಹೋಯಿತು. ಯಾರಿಗೋ ಪೆಟ್ಟಾಯಿತೇನೋ ಎಂದುಕೊಂಡೆ. ಅಂಪೈರ್ ಒಂದು ಕಾಲು ಎತ್ತಿ, ಮೊಣಕಾಲು ಮುಟ್ಟಿಕೊಂಡು, ನನ್ನತ್ತಲೇ ನೋಡುತ್ತಿದ್ದಾರೆ. "ಕೈ ಎತ್ತಿ," ಎಂದರು ಪಕ್ಕದ ತಾಯಿ ಮೆಲ್ಲಗೆ. "ಒಂದೊಂದು ಸನ್ನೆಗೂ ಕೈ ಎತ್ತಿ ತಿಳಿಯಿತು ಎನ್ನಬೇಕು. ನಿಯಮವೇ ಹಾಗಿದೆ." ನಾನು ಕೈ ಎತ್ತಿದ ಮೇಲೆಯೇ ಪಾಪ ಅವರ ಕಾಲು ನೆಲ ಮುಟ್ಟಿತು. ಇಷ್ಟು ವರ್ಷ ಕ್ರಿಕೆಟ್ ನೋಡಿದ್ದೇನೆ, ಆ ಸನ್ನೆಗಳನ್ನೆಲ್ಲ ಅಂಪೈರ್ ಜನರಿಗೆ ತೋರಿಸುವುದೆಂದೇ ತಿಳಿದಿದ್ದೆ.

ಒಂಬತ್ತನೆಯ ಓವರ್. ವೈಡ್ ಆದ ಚೆಂಡು ಕೀಪರನ್ನು ದಾಟಿ ಹೋಗಿ, ಹುಡುಗರು ಒಂದು ರನ್ ಓಡಿದರು. ವೈಡಿನ ಒಂದು, ಓಡಿದ್ದೊಂದು. ಎರಡೂ ವೈಡ್ ಖಾತೆಗೇ ಎಂದು ತಾಯಿ ಹೇಳುತ್ತಿದ್ದಾರೆ, ನಾನು ಒಂದನ್ನು ಬೈಗೆ ಬರೆದು ಹೊಡೆದುಹಾಕುತ್ತಿದ್ದೇನೆ. ಅಷ್ಟರಲ್ಲಿ ಮೈದಾನದಿಂದ ದೊಡ್ಡ ಕೂಗು. ತಲೆ ಎತ್ತಿದರೆ ಮಿಡ್‌ವಿಕೆಟ್ ಬಳಿ ಒಂದೇ ಬಗೆಯ ಟೋಪಿಗಳ ಗುಂಪು, ಒಬ್ಬರ ಮೇಲೊಬ್ಬರು. ಕ್ಯಾಚ್ ಎಂಬುದೇನೋ ಗೊತ್ತಾಯಿತು. ಹಿಡಿದವನ ಹೆಸರು ಬರೆಯಬೇಕಲ್ಲ? ಎದ್ದು ನಿಂತು ತರಬೇತುದಾರರತ್ತ ಗಟ್ಟಿಯಾಗಿ ಕೇಳಿದೆ:

"ಸರ್, ಹಿಡಿದದ್ದು ಯಾರು?"

ಬೌಂಡರಿಯುದ್ದಕ್ಕೂ ನಗು. "ನಿಮ್ಮ ಮಗನೇ ಸ್ವಾಮಿ!"

ಓಡುತ್ತಾ ಹಿಂದಕ್ಕೆ ಹೋಗಿ, ಬಿದ್ದುಕೊಂಡೇ ಹಿಡಿದನಂತೆ. ಮೂರು ವರ್ಷದಲ್ಲಿ ಅವನ ಮೊದಲ ಕ್ಯಾಚ್. ಅದನ್ನು ನೆರಳಿನಲ್ಲಿ ಕುಳಿತವರೆಲ್ಲ ನೋಡಿದ್ದರು, ನೀರಿನ ಕ್ಯಾನಿನ ಹತ್ತಿರ ನಿಂತವರೂ ನೋಡಿದ್ದರು. ನಾನು ಮಗನ ಹೆಸರನ್ನು ಚೌಕದಲ್ಲಿ ಬರೆದೆ. ಕೈ ಸ್ವಲ್ಪ ನಡುಗಿತು, ಅಕ್ಷರ ಗೆರೆ ದಾಟಿತು. ಮನಸ್ಸು ಅಲ್ಲೇ ಉಳಿದಿದ್ದರಿಂದ ಮುಂದಿನ ಚೆಂಡಿಗೆ ಬ್ಯಾಟರನ್ನೇ ತಪ್ಪಾಗಿ ಬರೆದೆ. ಕ್ಯಾಚ್ ಹಿಡಿಯುವ ಮುಂಚೆ ಬ್ಯಾಟರ್ ಇಬ್ಬರೂ ಓಡುತ್ತಾ ಪರಸ್ಪರ ದಾಟಿದ್ದರೆಂದು ಯಾರೋ ಹೇಳಿದ್ದು ಕಿವಿಗೆ ಬಿದ್ದಿತ್ತು, ಹಳೆಯ ನಿಯಮದಂತೆ ಔಟಾಗದೆ ಉಳಿದವನ ಹೆಸರನ್ನೇ ಬರೆದುಬಿಟ್ಟಿದ್ದೆ. 2022ರ ಅಕ್ಟೋಬರ್‌ನಿಂದ ಕ್ಯಾಚ್ ಆದಾಗ ಅವರು ದಾಟಿದ್ದರೂ ಹೊಸಬನೇ ಬಂದು ಚೆಂಡು ಎದುರಿಸಬೇಕು, ಅದು ಓವರಿನ ಕೊನೆಯ ಚೆಂಡಾಗಿರದಿದ್ದರೆ. ಅದನ್ನೂ ಆ ತಾಯಿಯೇ ತಿದ್ದಿಸಿದರು. ಅವರ ಮಗಳು ಅದೇ ತಂಡದಲ್ಲಿ ಆಡುತ್ತಿದ್ದಾಳೆಂದು ತಿಳಿದದ್ದು ಪಂದ್ಯ ಮುಗಿದ ಮೇಲೆ. ಅಷ್ಟು ಹೊತ್ತಿನಲ್ಲಿ ಒಮ್ಮೆಯೂ 'ಅವಳು ನನ್ನ ಮಗಳು' ಎಂದಿರಲಿಲ್ಲ. ಅವಳು ಬೌಲ್ಡ್ ಆದದ್ದನ್ನೂ ಎಲ್ಲರದನ್ನು ಬರೆದಂತೆಯೇ ಕೆಂಪು ಪೆನ್ನಿನಲ್ಲಿ ಬರೆದಿದ್ದರು.

ಮನೆಗೆ ಬರುವಾಗ ಮಗ ಕೇಳಿದ: "ಅಪ್ಪ, ನನ್ನ ಕ್ಯಾಚ್ ನೋಡಿದೆಯಾ?"

ಸುಳ್ಳು ಹೇಳುವಂತಿರಲಿಲ್ಲ, ನಾನು ಕೂಗಿ ಕೇಳಿದ್ದನ್ನು ಅವನೂ ಕೇಳಿಸಿಕೊಂಡಿದ್ದ. "ಇಲ್ಲ ಕಂದಾ. ಬರೆದಿದ್ದೇನೆ," ಎಂದೆ. ಅವನು ಕಿಟಕಿಯ ಕಡೆ ತಿರುಗಿದ.

ಮುಂದಿನ ವಾರ ಅಜ್ಜನಿಗೆ ಪುಸ್ತಕ ಹಿಂದಿರುಗಿಸಲು ಹೋದೆ. ಮೊಮ್ಮಗನ ಆಟ ಯಾವಾಗ ನೋಡುತ್ತೀರಿ ಎಂದು ಕೇಳಿದೆ. "ಅವನು ಆಡುವಾಗ ನೋಡಲು ಎಲ್ಲಿ ಆಗುತ್ತದೆ? ರಾತ್ರಿ ಮಲಗುವ ಮುಂಚೆ ಇಬ್ಬರೂ ಪುಸ್ತಕ ತೆರೆದು ಕೂರುತ್ತೇವೆ. ಇದು ಹೇಗೆ ಹೊಡೆದೆ, ಅದು ಹೇಗೆ ಬಿಟ್ಟೆ ಎಂದು ಅವನು ಹೇಳುತ್ತಾನೆ," ಎಂದರು. ಆಮೇಲೆ ಪುಟ ತಿರುವಿ ನನ್ನ ಹೊಡೆದುಹಾಕಿದ ಗೆರೆಗಳನ್ನೆಲ್ಲ ನೋಡಿ, ಕನ್ನಡಕ ಸರಿಮಾಡಿಕೊಂಡು, "ಒಂಬತ್ತನೆಯ ಓವರಿನಲ್ಲಿ ಏನಾಯಿತು?" ಎಂದು ಕೇಳಿದರು.

ಈ ವರ್ಷ ಕಾಗದ ಬಂದಾಗ ಸ್ಕೋರ್ ಎಂಬುದರ ಮುಂದೆ ನನ್ನ ಹೆಸರು ಬರೆದೆ. ಪಕ್ಕದಲ್ಲೇ ಆವರಣದೊಳಗೆ 'ಒಂದು ಬಿಟ್ಟು ಒಂದು ಪಂದ್ಯಕ್ಕೆ ಮಾತ್ರ' ಎಂದು ಸೇರಿಸಿ, ಪಕ್ಕದವರಿಗೆ ದಾಟಿಸಿದೆ. ಅವರು ಮೊಬೈಲ್ ನೋಡುತ್ತಿದ್ದರು.