ಹುತ್ತರಿ ಚಂದ್ರ, ಒಂದು ಮೆಣಸಿನ ಕಾಳು

ಸಂಚಿಕೆಗೆ ಏನಾದರೂ ಬರೆದುಕೊಡಿ ಅಂದಾಗ ನನಗೆ ನೆನಪಾದದ್ದು ಕ್ಲಾಸ್‌ರೂಮ್ ಅಲ್ಲ, ಒಂದು ಗದ್ದೆ ಬದು. ನಾನಾಗ ಒಂಬತ್ತನೇ ಕ್ಲಾಸು. ನಮ್ಮ ವಿಜ್ಞಾನದ ಮೇಷ್ಟ್ರು ಧಾರವಾಡದ ಕಡೆಯವರು, ನಮ್ಮ ಕೊಡಗಿನ ಸುಗ್ಗಿ ಹಬ್ಬ ಹುತ್ತರಿ ನೋಡಿರಲಿಲ್ಲ. ಗೆಳೆಯನ ಐನ್‌ಮನೆಗೆ, ಅಂದರೆ ಅವನ ಕುಟುಂಬದ ಮೂಲ ಮನೆಗೆ, ಮೇಷ್ಟ್ರನ್ನೂ ಕರೆದುಕೊಂಡು ಹೋದೆವು.

ಕೋವಿ ಹಾರಿತು, "ಪೊಲಿ ಪೊಲಿ ದೇವಾ" ಕೂಗೂ ಆಯಿತು, ಕದಿರು ತೆಗೆದು ವಾಪಸ್ ಬರುತ್ತಿದ್ದೆವು. ನಮ್ಮ ಮನಸ್ಸೆಲ್ಲ ತಂಬಿಟ್ಟಿನ ಮೇಲೆ. ಅಷ್ಟರಲ್ಲಿ ಮೇಷ್ಟ್ರು, "ಚಂದ್ರ ಎಷ್ಟು ದೊಡ್ಡದು ಕಾಣಸ್ತದ, ಹೇಳ್ರಿ" ಅಂದರು.

ಒಬ್ಬ ತಟ್ಟೆ ಅಂದ, ಇನ್ನೊಬ್ಬ ಅಕ್ಕಿ ರೊಟ್ಟಿ ಅಂದ. ನಾನು ಕಿತ್ತಳೆ ಅಂದೆ. ಅವರು ದಾರಿ ಪಕ್ಕದ ಬಳ್ಳಿಯಿಂದ ಒಂದು ಹಸಿ ಕರಿಮೆಣಸು ಕಿತ್ತು ಕೊಟ್ಟು, ಕೈ ಪೂರ್ತಿ ಚಾಚಿ ಒಂದೇ ಕಣ್ಣಲ್ಲಿ ನೋಡು ಅಂದರು. ಉಗುರಿನ ತುದಿಯಲ್ಲಿ ಹಿಡಿದು ನೋಡಿದೆ. ಚಂದ್ರ ಮಾಯ! ಅಂಚಲ್ಲಿ ಚೂರು ಬೆಳಕು ಸೋರುತ್ತಿತ್ತು, ಅಷ್ಟೇ. 3,474 ಕಿಲೋಮೀಟರ್ ಅಗಲದ ಚಂದ್ರ ಐದು ಮಿಲಿಮೀಟರ್ ಕಾಳಿನ ಹಿಂದೆ ಅಡಗಿ ಕೂತಿತ್ತು.

ಮನೆಯ ಹಿರಿಯರೊಬ್ಬರು, ರೋಹಿಣಿ ನಕ್ಷತ್ರ ನೋಡಿ, ಚಂದ್ರನ ಪಕ್ಕದಲ್ಲೇ ಇದೆ ಅಂದರು. ಹುತ್ತರಿಗೆ ರೋಹಿಣಿ ಬೇಕೇ ಬೇಕಲ್ವಾ. "ನಮಗೆ ಪಕ್ಕ, ಅವರಿಗಲ್ಲ" ಅಂದರು ಮೇಷ್ಟ್ರು. ಚಂದ್ರನ ಬೆಳಕು ನಮ್ಮನ್ನು ಮುಟ್ಟೋಕೆ ಒಂದು ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ ಸಾಕು, ರೋಹಿಣಿಯದಕ್ಕೆ ಸುಮಾರು 65 ವರ್ಷ. ಅದರ ಸುತ್ತ ಗುಂಪಾಗಿ ಕಾಣುವ ಚಿಕ್ಕ ನಕ್ಷತ್ರಗಳಂತೂ ಇನ್ನೂ ಎರಡು ಪಟ್ಟು ಆಚೆ, ರೋಹಿಣಿಗೂ ಅವಕ್ಕೂ ಸಂಬಂಧವೇ ಇಲ್ಲ. ಹಿರಿಯರು ಒಂದು ನಿಮಿಷ ಲೆಕ್ಕ ಹಾಕಿ, "ಹಾಗಾದ್ರೆ ಅದು ಹೊರಟಾಗ ನಾನಿನ್ನೂ ಚಡ್ಡಿ ಹಾಕ್ತಿದ್ದೆ" ಅಂತ ನಕ್ಕುಬಿಟ್ಟರು. ಮೇಷ್ಟ್ರು ಹಬ್ಬ ಕೆಡಿಸ್ತಾರೇನೋ ಅಂತ ನನಗೆ ಒಳಗೊಳಗೇ ಭಯ ಇತ್ತು. ಏನೂ ಕೆಡಲಿಲ್ಲ, ತಂಬಿಟ್ಟನ್ನು ಅವರೇ ಎರಡು ಸಲ ಹಾಕಿಸಿಕೊಂಡರು.

2019ರ ಡಿಸೆಂಬರ್ 26ರ ಕಂಕಣ ಸೂರ್ಯಗ್ರಹಣಕ್ಕೆ ನಾನು ಕೊಡಗಿನ ಕುಟ್ಟಕ್ಕೆ ಹೋಗಿದ್ದೆ. ಸೂರ್ಯ ಚಂದ್ರನಿಗಿಂತ ಸುಮಾರು 400 ಪಟ್ಟು ಅಗಲ, ನಮ್ಮಿಂದ ಸುಮಾರು 400 ಪಟ್ಟು ದೂರ. ಅದಕ್ಕೇ ಇಬ್ಬರೂ ಒಂದೇ ಅಳತೆ ಕಾಣ್ತಾರೆ, ಅದೂ ಇಲ್ಲಿ ನಿಂತವರಿಗೆ ಮಾತ್ರ. ಅವತ್ತು ಚಂದ್ರ ಸ್ವಲ್ಪ ದೂರ ಇದ್ದದ್ದರಿಂದ ಸೂರ್ಯನನ್ನು ಪೂರ್ತಿ ಮುಚ್ಚಲಾಗದೆ ಬಳೆ ಉಳಿಯಿತು. ಚಂದ್ರ ವರ್ಷಕ್ಕೆ 3.8 ಸೆಂಟಿಮೀಟರ್ ದೂರ ಸರಿಯುತ್ತಲೇ ಇದೆಯಂತೆ, ಕೋಟ್ಯಂತರ ವರ್ಷ ಆದಮೇಲೆ ಇಲ್ಲಿ ನಿಂತವರಿಗೆ ಪೂರ್ಣ ಗ್ರಹಣವೇ ಸಿಗಲ್ಲ. ಗ್ರಹಣದ ಕನ್ನಡಕದಲ್ಲಿ ಆ ಬಳೆ ನೋಡುತ್ತಾ ನಿಂತಾಗ ನನ್ನ ಕೈ ಸುಮ್ನೆ ಜೇಬಲ್ಲಿ ಮೆಣಸಿನ ಕಾಳು ಹುಡುಕುತ್ತಿತ್ತು.

ಮೊನ್ನೆ ಹುತ್ತರಿಗೆ ಮಗಳ ಕೈಗೂ ಒಂದು ಕಾಳು ಕೊಟ್ಟೆ. ಅವಳಿಗಿನ್ನೂ ಆರು ವರ್ಷ. ಒಂದು ಕಣ್ಣು ಮುಚ್ಚಿ ತುಂಬಾ ಹೊತ್ತು ನೋಡಿದಳು. "ಅಪ್ಪಾ, ಮೆಣಸೇ ದೊಡ್ಡದು, ಸುತ್ತ ಬೆಳಕೇ ಕಾಣ್ತಿಲ್ಲ" ಅಂದಳು. ಇಲ್ಲ ಪುಟ್ಟಿ, ಸರಿಯಾಗಿ ನೋಡು ಅನ್ನೋಕೆ ಹೊರಟವನು ಸುಮ್ಮನಾದೆ. ಅವಳ ಕೈ ಇನ್ನೂ ಗಿಡ್ಡ ಅಲ್ವಾ.