ಘಟ್ಟದ ದಾರಿಯ ಸೈಲೆನ್ಸರು, ನಮ್ಮ ಮನೆಯ ರಾತ್ರಿ

ಶಿರಸಿಯಿಂದ ಕುಮಟಾಕ್ಕೆ ಹೋಗುವ ರಸ್ತೆಗೆ ನಮ್ಮ ಮನೆ ಕೂಗಳತೆಯ ದೂರದಲ್ಲಿದೆ. ಮನೆ ತಗ್ಗಿನಲ್ಲಿ, ಮುಂದೆ ಅಡಿಕೆ ತೋಟ, ತೋಟದಾಚೆ ಬೆಟ್ಟ. ರಾತ್ರಿ ಹಾಳೆಯೊಂದು ಕಳಚಿ ಬಿದ್ದರೂ ಜಗಲಿಗೆ ಕೇಳಿಸುವಂಥ ಜಾಗದಲ್ಲಿ, ಸೈಲೆನ್ಸರ್ ಬದಲಿಸಿದ ಬೈಕೊಂದು ತಿರುವಿನಲ್ಲಿ ಗೇರು ಇಳಿಸಿತೆಂದರೆ ಆ ಸದ್ದು ಎದುರಿನ ಬೆಟ್ಟಕ್ಕೆ ಬಡಿದು ಇನ್ನೊಮ್ಮೆ ನಮ್ಮ ಅಂಗಳಕ್ಕೇ ಬರುತ್ತದೆ. ಕಳೆದ ಮಳೆಗಾಲದಲ್ಲಿ, ಹೃದಯದ ಚಿಕಿತ್ಸೆ ಮುಗಿಸಿ ಮನೆಗೆ ಬಂದ ವಾರದಲ್ಲೇ, ಅಂಥದೊಂದು ಸಿಡಿತಕ್ಕೆ ಬೆಚ್ಚಿ ಎದ್ದು ಕುಳಿತ ಅಪ್ಪಯ್ಯ ಬೆಳಗಿನವರೆಗೂ ಮತ್ತೆ ಕಣ್ಣು ಮುಚ್ಚಲಿಲ್ಲ.

ಬೈಕು ನಮ್ಮ ಕೇರಿಯ ಹುಡುಗನದೇ. ಮರುದಿನ ಕೇಳಿದಾಗ ಅವನು ಒರಟಾಗಿ ಮಾತಾಡಲಿಲ್ಲ. "ನನ್ನ ಬೈಕು, ನನ್ನ ದುಡ್ಡು, ನಾನು ಯಾರಿಗೂ ಗುದ್ದಲಿಲ್ಲವಲ್ಲ ಮಾವಾ" ಎಂದಷ್ಟೇ ಹೇಳಿದ. ಈ ಮಾತನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಇಪ್ಪತ್ತು ವರ್ಷಗಳಿಂದ ಇದೇ ದೇವಿಮನೆ ಘಟ್ಟವನ್ನು ಬೈಕಿನಲ್ಲೇ ಹತ್ತಿಳಿಯುತ್ತಿರುವ ನನಗೆ, ಬೇಕೆನಿಸಿದಾಗ ಹೊರಟು ಬೇಕಾದ ದಾರಿ ಹಿಡಿಯುವ ಆ ಬಿಡುಗಡೆ ಎಷ್ಟು ದೊಡ್ಡದೆಂಬುದು ಗೊತ್ತು. ಸಂವಿಧಾನದ 19ನೆಯ ವಿಧಿ ದೇಶದಲ್ಲೆಲ್ಲ ಸಂಚರಿಸುವ ಸ್ವಾತಂತ್ರ್ಯವನ್ನು ಕೊಟ್ಟಿದೆ. ಆದರೆ ಸಂಚಾರಕ್ಕೆ ಎಂಜಿನ್ ಬೇಕೇ ಹೊರತು ಸಿಡಿತ ಬೇಕಿಲ್ಲ. ಧ್ವನಿವರ್ಧಕ ಮತ್ತು ಪಟಾಕಿಗಳ ಸದ್ದಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2005ರ ಜುಲೈನಲ್ಲಿ ಕೊಟ್ಟ ತೀರ್ಪು, ಮಾತನಾಡುವ ಹಕ್ಕಿನಲ್ಲಿ ಇನ್ನೊಬ್ಬರು ಕೇಳಲೇಬೇಕೆಂದು ಬಲವಂತ ಮಾಡುವ ಹಕ್ಕು ಸೇರಿಲ್ಲವೆಂದೂ, ನೆಮ್ಮದಿಯಿಂದ ಬದುಕುವುದು ಜೀವಿಸುವ ಹಕ್ಕಿನ 21ನೆಯ ವಿಧಿಯ ಭಾಗವೆಂದೂ ಹೇಳಿದೆ. ಮಾತಿಗೇ ಈ ಮಿತಿಯಿರುವಾಗ ಹೊಗೆಕೊಳವೆಗೆ ಅದಕ್ಕಿಂತ ಹೆಚ್ಚಿನ ಹಕ್ಕು ಎಲ್ಲಿಂದ ಬರಬೇಕು?

ಸೈಲೆನ್ಸರಿನೊಳಗೆ ಏನಿದೆಯೆಂಬುದನ್ನು ಅದನ್ನು ಬದಲಿಸುವ ಹುಡುಗರು ಒಮ್ಮೆ ನೋಡಬೇಕು. ಸಿಲಿಂಡರಿನಿಂದ ಒತ್ತಡದಲ್ಲಿ ಬಿಟ್ಟುಬಿಟ್ಟು ನುಗ್ಗಿಬರುವ ಬಿಸಿ ಅನಿಲವು ತೂತುಗಳ ಕೊಳವೆ, ಅಡ್ಡ ತಗಡು, ಸಣ್ಣ ಸಣ್ಣ ಕೋಣೆಗಳನ್ನು ದಾಟುವಾಗ ಹಿಗ್ಗಿ ನಿಧಾನವಾಗುತ್ತದೆ. ಹಿಂದಕ್ಕೆ ಪುಟಿಯುವ ಸದ್ದಿನ ಅಲೆಗಳು ಮುಂದೆ ಬರುವ ಅಲೆಗಳನ್ನು ತಕ್ಕಮಟ್ಟಿಗೆ ಅಳಿಸಿಹಾಕುತ್ತವೆ. ಇದನ್ನೆಲ್ಲ ಕಿತ್ತು ಬರೀ ಕೊಳವೆ ಉಳಿಸಿದರೆ ಅನಿಲದ ಪ್ರತಿ ಬಡಿತವೂ ಹಾಗೆಯೇ ಹೊರಬೀಳುತ್ತದೆ. ಪಟಾಕಿಯಂಥ ಸದ್ದಂತೂ ಸಿಲಿಂಡರಿನಲ್ಲಿ ಉರಿಯದ ಪೆಟ್ರೋಲು ಬಿಸಿ ಕೊಳವೆಯಲ್ಲಿ ಹೊತ್ತಿಕೊಳ್ಳುವುದರಿಂದ ಬರುವುದು. ಅಂದರೆ ಹುಡುಗರು ಶಕ್ತಿಯೆಂದು ಭಾವಿಸಿರುವುದು ವ್ಯರ್ಥವಾದ ಇಂಧನದ ಸದ್ದು.

"ಸದ್ದಿದ್ದರೆ ಎದುರಿನವರಿಗೆ ಗೊತ್ತಾಗುತ್ತದೆ, ಅಪಘಾತ ತಪ್ಪುತ್ತದೆ" ಎಂಬ ವಾದವನ್ನೂ ಕೇಳಿದ್ದೇನೆ. ಕೊಳವೆಯ ಬಾಯಿ ಹಿಂದಕ್ಕಿರುತ್ತದೆ, ಅಪಾಯ ಹೆಚ್ಚಾಗಿ ಮುಂದಿನಿಂದ ಬರುತ್ತದೆ. ಘಟ್ಟದ ತಿರುವಿನಲ್ಲಿ ಒಂದು ಹಾರ್ನು ಮಾಡುವ ಕೆಲಸವನ್ನು ಊರಿಡೀ ಕೇಳುವ ಸದ್ದು ಮಾಡುವುದಿಲ್ಲ.

ಕಾನೂನಿನಲ್ಲಿ ಕೊರತೆಯಿಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳ 120ನೆಯ ನಿಯಮ ಪ್ರತಿ ವಾಹನಕ್ಕೂ ಸೈಲೆನ್ಸರ್ ಇರಲೇಬೇಕೆನ್ನುತ್ತದೆ. ಶಬ್ದದ ಮಾನದಂಡ ಮೀರಿದ ವಾಹನ ಓಡಿಸಿದರೆ, ಮೋಟಾರು ವಾಹನ ಕಾಯ್ದೆಯ, 2019ರ ತಿದ್ದುಪಡಿಯ ನಂತರದ 190ನೆಯ ಕಲಮಿನಂತೆ ಮೊದಲ ತಪ್ಪಿಗೇ 3 ತಿಂಗಳವರೆಗಿನ ಸೆರೆ ಇಲ್ಲವೇ 10,000 ರೂಪಾಯಿವರೆಗಿನ ದಂಡ, ಇಲ್ಲವೇ ಎರಡೂ, ಜೊತೆಗೆ 3 ತಿಂಗಳು ಲೈಸೆನ್ಸಿಗೆ ಅನರ್ಹತೆ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಎಂಬ ಮಿತಿಯನ್ನು ನಿಗದಿಮಾಡಿವೆ. ಡೆಸಿಬೆಲ್ ಲೆಕ್ಕದಲ್ಲಿ ಹತ್ತು ಹೆಚ್ಚಿತೆಂದರೆ ಶಬ್ದದ ಶಕ್ತಿ ಹತ್ತು ಪಟ್ಟಾಗುತ್ತದೆ ಎಂಬುದನ್ನು ನೆನಪಿಟ್ಟರೆ ಈ ಅಂಕಿಗಳ ತೂಕ ತಿಳಿಯುತ್ತದೆ.

ನನ್ನ ತಕರಾರಿರುವುದು ಜಾರಿಯ ರೀತಿಯ ಬಗ್ಗೆ. ರಾಜ್ಯದ ಹಲವು ಊರುಗಳಲ್ಲಿ ಪೊಲೀಸರು ಸೈಲೆನ್ಸರುಗಳನ್ನು ರಸ್ತೆಯಲ್ಲಿ ಸಾಲಾಗಿ ಮಲಗಿಸಿ ರೋಡ್ ರೋಲರ್ ಹತ್ತಿಸಿದ್ದನ್ನು ಪತ್ರಿಕೆಗಳಲ್ಲಿ ನೋಡಿದ್ದೇವೆ. ಅದರ ಬದಲು ಮಾಪಕವಿಟ್ಟು ಅಳೆದು, ಅಳತೆಯನ್ನು ಸವಾರನಿಗೂ ತೋರಿಸಿ ದಂಡ ಹಾಕಿದರೆ, ಕಂಪನಿಯ ಸೈಲೆನ್ಸರನ್ನೇ ಇಟ್ಟುಕೊಂಡ ಬುಲೆಟ್ ಸವಾರ ಕೇವಲ ಬುಲೆಟ್ ಓಡಿಸುತ್ತಾನೆಂಬ ಕಾರಣಕ್ಕೆ ರಸ್ತೆಬದಿಯಲ್ಲಿ ನಿಂತು ವಿವರಣೆ ಕೊಡುವುದು ತಪ್ಪುತ್ತದೆ. ಅವನ ಸ್ವಾತಂತ್ರ್ಯವೂ ನನಗೆ ಮುಖ್ಯವೇ. ಕಿತ್ತು ಜೋಡಿಸಿಕೊಡುವ ಗ್ಯಾರೇಜನ್ನು ಬಿಟ್ಟು, ಇಪ್ಪತ್ತು ವರ್ಷದ ಹುಡುಗನೊಬ್ಬನನ್ನೇ ಹಿಡಿಯುವುದೂ ನ್ಯಾಯವಲ್ಲ.

ಹುಡುಗನ ಬೈಕಿನ ಹಳೆಯ ಸೈಲೆನ್ಸರು ಅವರ ಮನೆಯ ಅಟ್ಟದಲ್ಲೇ ಇದೆಯೆಂದು ಅವನ ತಾಯಿ ಹೇಳಿದರು. ಮರಳಿ ಕೂಡಿಸುವ ಖರ್ಚನ್ನು ನಾನೇ ಕೊಡುತ್ತೇನೆಂದು ಅವನಿಗೆ ತಿಳಿಸಿದ್ದೇನೆ. ಅವನು ಇನ್ನೂ ಉತ್ತರಿಸಿಲ್ಲ. ನನ್ನ ಮಾತು ಹಾಗೆಯೇ ಇದೆ.